ಚೆನ್ನೈಗೆ ಕ್ಯಾನ್ಸರ್ ಚಿಕಿತ್ಸೆಗೆ ಹೊರಟಿದ್ದೀರಾ? ಮಗನನ್ನೇ ದುಭಾಷಿ ಮಾಡಬೇಡಿ

ಹದಿಹರೆಯದ ಮಗನನ್ನೋ ಮಗಳನ್ನೋ ಚಿಕಿತ್ಸೆಗೆಂದು ಚೆನ್ನೈಗೆ ಕರೆತರುವ ನಮ್ಮ ಕಡೆಯವರು ದುಡ್ಡು, ರೂಮು, ರಕ್ತ ಕೊಡುವವರು ಎಲ್ಲವನ್ನೂ ಹೇಗೋ ಹೊಂದಿಸಿಕೊಳ್ಳುತ್ತಾರೆ. ಹುಡುಗರ ಮನಸ್ಸಿನ ಮಾತು ಮಾತ್ರ ಯಾರ ಚೀಟಿಯಲ್ಲೂ ಇರುವುದಿಲ್ಲ. ಡಾ. ಮುತ್ತುಲಕ್ಷ್ಮಿ ರೆಡ್ಡಿ 1954ರಲ್ಲಿ ಆರಂಭಿಸಿದ, ಡಾ. ವಿ. ಶಾಂತಾ ಬದುಕಿಡೀ ದುಡಿದ ಅಡ್ಯಾರ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್‌ನಲ್ಲಿ ಇದಕ್ಕೆಂದೇ ಸೈಕೋ-ಆಂಕಾಲಜಿ ವಿಭಾಗವಿದೆ. ಬೇರೆ ದೊಡ್ಡ ಆಸ್ಪತ್ರೆಗೆ ಹೋದರೂ ಫೈಲ್ ಮಾಡಿಸುವ ದಿನವೇ ‘ಆಪ್ತಸಮಾಲೋಚಕರು ಯಾರು, ಯಾವಾಗ ಸಿಗುತ್ತಾರೆ’ ಎಂದು ಕೇಳಿ. ‘ನಮ್ಮ ಹುಡುಗನಿಗೇನು ಹುಚ್ಚು ಹಿಡಿದಿದೆಯಾ’ ಎಂದು ಸಿಡುಕುವ ಚಿಕ್ಕಪ್ಪನೊಬ್ಬ ಪ್ರತಿ ಮನೆಯಲ್ಲೂ ಇರುತ್ತಾನೆ. ಅವನ ಮಾತು ಕಿವಿಗೆ ಹಾಕಿಕೊಳ್ಳಬೇಡಿ.

ಎರಡನೆಯದು ಭಾಷೆ. ನಾನು ಕಂಡಂತೆ ಎಲ್ಲರೂ ಎಡವುವುದು ಇಲ್ಲೇ. ಅಪ್ಪನಿಗೆ ಕನ್ನಡ ಬಿಟ್ಟು ಬೇರೆ ಬಾರದು, ವೈದ್ಯರು ತಮಿಳು ಅಥವಾ ಇಂಗ್ಲಿಷ್ ಮಾತಾಡುತ್ತಾರೆ. ನಡುವೆ ಕೂತವನು ಪಿಯುಸಿ ಓದುವ ರೋಗಿ. ಮೂಳೆಯ ಗಡ್ಡೆಯ ಬಗ್ಗೆ ವೈದ್ಯರು ಎರಡು ನಿಮಿಷ ವಿವರಿಸುತ್ತಾರೆ: ಮೊದಲು ಕೀಮೋ, ಆಮೇಲೆ ಶಸ್ತ್ರಚಿಕಿತ್ಸೆ, ಕಾಲು ಉಳಿಸಲು ನೋಡುತ್ತೇವೆ, ಆಗದಿದ್ದರೆ ತೆಗೆಯಬೇಕಾಗಬಹುದು. ಹುಡುಗ ಫೈಲಿನ ಅಂಚು ಮಡಚುತ್ತಾ, ‘ಕಾಲಿಗೊಂದು ಆಪರೇಷನ್ ಇರುತ್ತಂತಪ್ಪ’ ಅನ್ನುತ್ತಾನೆ. ‘ಇನ್ನೇನಂದ್ರು?’ ‘ಅಷ್ಟೇ.’ ಉಳಿದದ್ದೆಲ್ಲ ಅವನೊಳಗೇ ಉಳಿಯಿತು. ‘ಅವನಿಗೇನೂ ಹೇಳಬೇಡಿ ಡಾಕ್ಟ್ರೇ’ ಎಂದು ಕೈಮುಗಿಯುವವರೂ ಇದೇ ಅಪ್ಪಂದಿರು. ಆ ಕೋರಿಕೆಯನ್ನು ಇಂಗ್ಲಿಷಿಗೆ ಮಾಡಿ ಹೇಳಬೇಕಾದವನೂ ಮಗನೇ ಆಗಿರುತ್ತಾನೆ!

ಹಾಗಾಗಿ ತಮಿಳೋ ಇಂಗ್ಲಿಷೋ ಬಲ್ಲ ದೊಡ್ಡವರೊಬ್ಬರನ್ನು ಜೊತೆಗೆ ಕರೆತನ್ನಿ. ಯಾರೂ ಬರಲಾಗದಿದ್ದರೆ, ಕನ್ನಡ ಬಲ್ಲ ನರ್ಸ್ ಅಥವಾ ಸಿಬ್ಬಂದಿ ಇದ್ದಾರೆಯೇ ಎಂದು ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ಕೇಳಿ. ಅದೂ ಆಗದಿದ್ದರೆ ವೈದ್ಯರ ಒಪ್ಪಿಗೆ ಪಡೆದು ಊರಿನ ನೆಂಟರನ್ನು ಫೋನಿನ ಸ್ಪೀಕರ್‌ನಲ್ಲಿ ಕೂರಿಸಿ. ಲಾಡ್ಜಿನ ಏಜೆಂಟ್ ಮಾತ್ರ ಬೇಡವೇ ಬೇಡ. ಕೇಳಬೇಕಾದ ಪ್ರಶ್ನೆಗಳನ್ನು ಮೊದಲೇ ಬರೆದುಕೊಂಡಿರಿ, ಒಳಗೆ ಹೋದಾಗ ನೆನಪಿರುವುದಿಲ್ಲ.

ಇನ್ನು ಮುಚ್ಚಿಡುವ ವಿಷಯ. ಆಸ್ಪತ್ರೆಯ ಬೋರ್ಡಿನಲ್ಲೇ ಕ್ಯಾನ್ಸರ್ ಎಂದು ಬರೆದಿರುತ್ತದೆ, ಫೈಲಿನ ಮೇಲೆ ಕಾಯಿಲೆಯ ಹೆಸರಿರುತ್ತದೆ, ಹುಡುಗನ ಕೈಯಲ್ಲಿ ಮೊಬೈಲ್ ಇರುತ್ತದೆ. ಅದು ಗುಟ್ಟಾಗಿದೆ ಎಂದುಕೊಂಡಿರುವವರು ನೀವಷ್ಟೇ. ‘ನಿನಗೆ ಎಷ್ಟು ಗೊತ್ತಾಗಿದೆ?’ ಎಂದು ಮೊದಲು ಕೇಳಿ, ಸುಮ್ಮನೆ ಕೇಳಿಸಿಕೊಳ್ಳಿ. ಆಮೇಲೆ ಕಾಯಿಲೆಯ ಹೆಸರು, ಮುಂದಿನ ವಾರ ಏನು ನಡೆಯುತ್ತದೆ, ಎಲ್ಲಿ ನೋವಾಗಬಹುದು, ಇಷ್ಟು ಹೇಳಿದರೆ ಸಾಕು. ‘ಏನೂ ಆಗಲ್ಲ ಬಿಡು’ ಅನ್ನಬೇಡಿ. ಮೊದಲ ಕೀಮೋಗೇ ಕೂದಲು ಉದುರತೊಡಗಿದರೆ ನಿಮ್ಮ ಉಳಿದ ಮಾತುಗಳನ್ನೂ ಅವನು ನಂಬುವುದಿಲ್ಲ. ನಿಮಗೆ ಬಾಯಿ ಬಾರದಿದ್ದರೆ ಸಮಾಲೋಚಕರ ಮುಂದೆ ಕೂತು ಹೇಳಿ.

ಸಮಾಲೋಚಕರ ಜೊತೆ ಸ್ವಲ್ಪ ಹೊತ್ತು ಮಕ್ಕಳನ್ನಷ್ಟೇ ಬಿಡಿ. ಅಮ್ಮನ ಎದುರು ಅಳಬಾರದು ಎಂದು ಹಲ್ಲುಕಚ್ಚಿಕೊಂಡಿರುವ ಹುಡುಗಿಯರೇ ಹೆಚ್ಚು. ಒಳಗೆ ಆಡಿದ್ದನ್ನು ಹೊರಗೆ ಬಂದಮೇಲೆ ಕೆದಕಬೇಡಿ.

ಮೊದಲ ಕೀಮೋಗೆ ಮುಂಚೆ ಕೇಳಲೇಬೇಕಾದ, ಯಾರೂ ಬಾಯಿಬಿಟ್ಟು ಕೇಳದ ಪ್ರಶ್ನೆ ಒಂದಿದೆ: ಮುಂದೆ ಮಕ್ಕಳಾಗುವುದಕ್ಕೆ ಈ ಔಷಧಿಯಿಂದ ತೊಂದರೆಯಾಗುತ್ತದೆಯೇ? ಮೀಸೆ ಮೂಡಿದ ಹುಡುಗರ ವೀರ್ಯವನ್ನು ಕೀಮೋಗೆ ಮೊದಲೇ ತೆಗೆದಿಡಿಸಬಹುದು. ಹುಡುಗಿಯರಿಗೂ ಕೆಲವು ದಾರಿಗಳಿವೆ, ಆದರೆ ಸಮಯ ಬೇಕಾಗುತ್ತದೆ. ಸಂಕೋಚಪಟ್ಟು ಸುಮ್ಮನಿದ್ದರೆ ಆ ಅವಕಾಶ ಮತ್ತೆ ಸಿಗದೇ ಹೋಗಬಹುದು.

ರಕ್ತದ ಕ್ಯಾನ್ಸರಿನವರಿಗೆ ಕೊಡುವ ಡೆಕ್ಸಾಮೆಥಾಸೋನ್, ಪ್ರೆಡ್ನಿಸೋಲೋನ್‌ನಂಥ ಸ್ಟೀರಾಯ್ಡ್ ಮಾತ್ರೆಗಳ ದಿನಗಳಲ್ಲಿ ಸಿಟ್ಟು, ವಿಪರೀತ ಹಸಿವು, ನಿದ್ದೆಗೇಡು ಸಾಮಾನ್ಯ. ಸಾಧು ಹುಡುಗ ರಾತ್ರಿ ಎರಡಕ್ಕೆ ಎದ್ದು ಊಟ ಕೇಳಿ ರೇಗುತ್ತಾನೆ. ಹಟ ಎಂದು ಬೈಯಬೇಡಿ. ಮಾತ್ರೆಯ ದಿನಾಂಕ, ರೇಗಿದ ದಿನ ಎರಡನ್ನೂ ಬರೆದಿಟ್ಟು ವೈದ್ಯರಿಗೆ ತೋರಿಸಿ. ನೀವಾಗಿಯೇ ಮಾತ್ರೆ ನಿಲ್ಲಿಸುವುದು ಅಪಾಯ.

ಜಾಗ ಮುಗಿಯುತ್ತಿದೆ, ಉಳಿದದ್ದು ಚುಟುಕಾಗಿ. ಮಕ್ಕಳು ಊಟ ಬಿಟ್ಟರೆ, ಯಾರೊಡನೆಯೂ ಮಾತಾಡದಿದ್ದರೆ, ‘ನಾನಿರೋದೇ ಬೇಡ’ ಎಂದರೆ ಆ ದಿನವೇ ವಾರ್ಡಿನಲ್ಲಿ ತಿಳಿಸಿ, ಒಬ್ಬರನ್ನೇ ಬಿಡಬೇಡಿ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಊರಿಗೆ ಮರಳಿದ ಮೇಲೂ ಕೆಲವರಿಗೆ ವರ್ಷಗಟ್ಟಲೆ ಮಾತ್ರೆ ಇರುತ್ತದೆ. ಚೆನ್ನಾಗಿದ್ದೇನಲ್ಲ ಎಂದು ಹುಡುಗರು ತಪ್ಪಿಸುತ್ತಾರೆ, ಕಣ್ಣೆದುರೇ ನುಂಗಿಸಿ. ಕಾಲೇಜಿಗೆ ಕೊಡಬೇಕಾದ ವೈದ್ಯಕೀಯ ಪ್ರಮಾಣಪತ್ರವನ್ನು ಡಿಸ್ಚಾರ್ಜ್ ದಿನವೇ ಬರೆಸಿಕೊಳ್ಳಿ, ಅದೊಂದಕ್ಕೇ ಮತ್ತೆ ಚೆನ್ನೈ ರೈಲು ಹತ್ತಿದವರಿದ್ದಾರೆ.