ಅಂಗಡಿಯ ಪೆಟ್ಟಿಗೆ ಕೂಗಿದಾಗ ಹಣ ಎಲ್ಲಿರುತ್ತದೆ?

ಬ್ಯಾಂಕಿಗೆ ಸೇರಿದ ಹೊಸತರಲ್ಲಿ ನನ್ನನ್ನು ಹಾಕಿದ್ದು ಕ್ಲಿಯರಿಂಗ್ ಕೆಲಸಕ್ಕೆ. ಊರಿನ ದೊಡ್ಡ ಬ್ಯಾಂಕಿನ ಮಹಡಿಯ ಮೇಲೆ ಒಂದು ಉದ್ದನೆಯ ಮೇಜು. ಗೊತ್ತಾದ ಹೊತ್ತಿಗೆ ಎಲ್ಲ ಬ್ಯಾಂಕುಗಳ ಗುಮಾಸ್ತರೂ ಚೆಕ್ಕಿನ ಕಟ್ಟು ಹಿಡಿದು ಅಲ್ಲಿಗೆ ಬರಬೇಕು. ನಿಮ್ಮ ಬ್ಯಾಂಕಿನ ಮೇಲೆ ಬರೆದ ಚೆಕ್ಕು ನಿಮಗೆ, ನಮ್ಮ ಬ್ಯಾಂಕಿನ ಮೇಲೆ ಬರೆದದ್ದು ನಮಗೆ. ಕೂಡಿ ಕಳೆದರೆ ಬ್ಯಾಂಕಿಗೊಂದೇ ಸಂಖ್ಯೆ ಉಳಿಯುತ್ತಿತ್ತು: ಇವತ್ತು ಕೊಡಬೇಕಾದ್ದೆಷ್ಟು, ಇಲ್ಲವೇ ಬರಬೇಕಾದ್ದೆಷ್ಟು. ಲಕ್ಷಗಟ್ಟಲೆ ರೂಪಾಯಿ ಆ ಮೇಜಿನ ಮೇಲೆ ಅತ್ತಿತ್ತ ಹೋಗುತ್ತಿತ್ತು, ಒಂದು ನೋಟೂ ಕಣ್ಣಿಗೆ ಬೀಳುತ್ತಿರಲಿಲ್ಲ. ಟೀಗೆ ಮಾತ್ರ ನಗದು ಕೊಡುತ್ತಿದ್ದೆವು.

ಆ ಮೇಜಿಗೆ ಕೂತವರಿಗೆ ಯುಪಿಐ ಅಷ್ಟೇನೂ ಹೊಸದಲ್ಲ. ಮಗಳು ದಾವಣಗೆರೆಯಲ್ಲಿ ಓದುತ್ತಿದ್ದಾಳೆ. ಅವಳಿಗೆ 2,000 ರೂಪಾಯಿ ಕಳಿಸಿ ಫೋನನ್ನು ಜೇಬಿಗಿಡುವುದರೊಳಗೆ ‘ಬಂತಪ್ಪ’ ಎಂದು ಮೆಸೇಜು. ನನ್ನ ಖಾತೆಯಲ್ಲಿ 2,000 ಇಳಿದಿದೆ, ಅವಳದರಲ್ಲಿ ಏರಿದೆ, ಅವಳು ಅದನ್ನು ಆಗಲೇ ಖರ್ಚು ಮಾಡಬಹುದು (ಮಾಡುತ್ತಾಳೆ ಕೂಡ). ಆದರೆ ನನ್ನ ಬ್ಯಾಂಕಿನಿಂದ ಅವಳ ಬ್ಯಾಂಕಿಗೆ ಆ ಕ್ಷಣದಲ್ಲಿ ಹಣ ಹೋಗಿರುವುದಿಲ್ಲ. ಹೋಗಿರುವುದು ಬರೀ ಒಂದು ಮಾತು: ‘ಇವರ ಖಾತೆಯಿಂದ ಕಳೆದಿದ್ದೇವೆ, ನೀವು ಅವರಿಗೆ ಕೊಟ್ಟುಬಿಡಿ, ನಮ್ಮ ನಿಮ್ಮ ಲೆಕ್ಕ ಆಮೇಲೆ.’ ಆ ಲೆಕ್ಕವನ್ನು ದಿನಕ್ಕೆ ಹಲವು ಸರದಿಯಲ್ಲಿ ಕೂಡಿ ಕಳೆಯುವುದು ಎನ್‌ಪಿಸಿಐ ಎಂಬ ಸಂಸ್ಥೆ. ಕೊನೆಗುಳಿದ ನಿವ್ವಳ ಮೊತ್ತವಷ್ಟೇ ರಿಸರ್ವ್ ಬ್ಯಾಂಕಿನಲ್ಲಿ ಬ್ಯಾಂಕುಗಳಿಗಿರುವ ಖಾತೆಗಳ ನಡುವೆ ವರ್ಗವಾಗುತ್ತದೆ. ನಮ್ಮ ಹಳೆಯ ಮೇಜೇ ಅದು. ವ್ಯತ್ಯಾಸವೆಂದರೆ ಆಗ ಬ್ಯಾಂಕುಗಳ ನಡುವಿನ ಲೆಕ್ಕ ಮುಗಿದ ಮೇಲೆ ಗ್ರಾಹಕರಿಗೆ ಜಮೆ. ಈಗ ಗ್ರಾಹಕರಿಗೆ ಮೊದಲು, ಬ್ಯಾಂಕುಗಳಿಗೆ ನಂತರ. 2025ರ ಆಗಸ್ಟ್‌ನಲ್ಲಿ ಹೀಗೆ ಒಂದೇ ತಿಂಗಳಲ್ಲಿ 2,000 ಕೋಟಿಗೂ ಹೆಚ್ಚು ವ್ಯವಹಾರಗಳು ನಡೆದವು. ನಮ್ಮ ಮೇಜಿನ ಹೆಡ್ ಗುಮಾಸ್ತರು ಕೇಳಿದ್ದರೆ ಅಂದೇ ರಾಜೀನಾಮೆ ಬರೆದುಕೊಡುತ್ತಿದ್ದರು.

ಎನ್‌ಪಿಸಿಐ ಸರ್ಕಾರದ ಇಲಾಖೆಯಲ್ಲ, ಯಾವ ಆಪ್ ಕಂಪನಿಯದೂ ಅಲ್ಲ. ರಿಸರ್ವ್ ಬ್ಯಾಂಕ್ ಮತ್ತು ಬ್ಯಾಂಕುಗಳ ಸಂಘ ಸೇರಿ 2008ರಲ್ಲಿ ಹುಟ್ಟುಹಾಕಿದ ಸಂಸ್ಥೆ ಅದು. ಮೊದಲಿಗೆ ಬಂಡವಾಳ ಹಾಕಿದ ಹತ್ತು ಬ್ಯಾಂಕುಗಳಲ್ಲಿ ನಮ್ಮ ಕೆನರಾ ಬ್ಯಾಂಕೂ ಒಂದು. 2010ರಲ್ಲಿ ಎನ್‌ಪಿಸಿಐ ಐಎಂಪಿಎಸ್ ತಂದಿತು. ಹಗಲು ರಾತ್ರಿ, ರಜೆ ಎನ್ನದೆ ಹಣ ಕಳಿಸುವ ದಾರಿ ಆಗಲೇ ತೆರೆದಿತ್ತು. ಆದರೆ ಖಾತೆ ಸಂಖ್ಯೆ, ಐಎಫ್‌ಎಸ್‌ಸಿ ಕೋಡ್ ಇಲ್ಲವೇ ಎಂಎಂಐಡಿ ಎಂಬ ಇನ್ನೊಂದು ಸಂಖ್ಯೆ ಯಾರಿಗೆ ಬಾಯಿಪಾಠ ಬರುತ್ತದೆ? ಐಎಂಪಿಎಸ್ ಮೇಲೆ ಸುಲಭದ ವಿಳಾಸವೊಂದನ್ನು ಕೂರಿಸಿ 2016ರ ಏಪ್ರಿಲ್ 11ರಂದು ಆಗಿನ ರಿಸರ್ವ್ ಬ್ಯಾಂಕ್ ಗವರ್ನರ್ ರಘುರಾಮ್ ರಾಜನ್ ಯುಪಿಐಗೆ ಚಾಲನೆ ಕೊಟ್ಟರು. ಆಗ ಇದ್ದದ್ದು 21 ಬ್ಯಾಂಕು. ನೋಟು ರದ್ದಾದದ್ದು ಅದೇ ವರ್ಷದ ನವೆಂಬರ್‌ನಲ್ಲಿ. ನೋಟು ರದ್ದತಿಯೇ ಯುಪಿಐಯನ್ನು ಹೆತ್ತಿತು ಎಂದು ಮದುವೆ ಮನೆಗಳಲ್ಲಿ ವಾದಿಸುವವರಿಗೆ ನಾನು ಈ ತಾರೀಖು ಹೇಳಿ ಊಟಕ್ಕೆ ಏಳುತ್ತೇನೆ.

ಇಷ್ಟೆಲ್ಲ ಹೇಳಿದ್ದಕ್ಕೆ ಕಾರಣವಿದೆ. ನಮ್ಮಲ್ಲಿ ಹೆಚ್ಚಿನವರು ಆಪ್‌ನಲ್ಲಿ ಹಣವಿದೆ ಎಂದು ತಿಳಿದಿದ್ದಾರೆ. ‘ಫೋನ್‌ಪೇಲಿ ದುಡ್ಡಿದೆ, ಕ್ಯಾಶಿಲ್ಲ’ ಎನ್ನುವುದು ದಿನಾ ಕೇಳುವ ಮಾತು. ಆಪ್‌ನಲ್ಲಿರುವುದು ಬರೀ ತೆರೆ. ನನ್ನ ಯುಪಿಐ ವಿಳಾಸದ ಬಾಲ (@ ಆದ ಮೇಲಿನ ಭಾಗ) ಯಾವ ಬ್ಯಾಂಕಿನದೋ ಆ ಬ್ಯಾಂಕು ಆಪ್ ಕಂಪನಿಯ ಪರವಾಗಿ ನನ್ನ ಕೋರಿಕೆಯನ್ನು ಎನ್‌ಪಿಸಿಐಗೆ ಮುಟ್ಟಿಸುತ್ತದೆ. ವೈಬಿಎಲ್ ಎಂದಿದ್ದರೆ ಯೆಸ್ ಬ್ಯಾಂಕು, ಓಕೆಎಸ್‌ಬಿಐ ಎಂದಿದ್ದರೆ ಸ್ಟೇಟ್ ಬ್ಯಾಂಕು. ಎನ್‌ಪಿಸಿಐ ಆಚೆ ಬದಿಯ ವಿಳಾಸ ಯಾರದ್ದು ಎಂದು ವಿಚಾರಿಸಿ, ಖಾತೆಯಿರುವ ನನ್ನ ಬ್ಯಾಂಕಿಗೆ ‘ಕಳೆಯಿರಿ’ ಎನ್ನುತ್ತದೆ. ಅದು ಕಳೆದೆ ಎಂದ ಮೇಲೆ ಮಗಳ ಬ್ಯಾಂಕಿಗೆ ‘ಕೂಡಿಸಿ’ ಎನ್ನುತ್ತದೆ. ಹೀಗೆ ಒಂದು ಸಣ್ಣ ಪಾವತಿಯ ಹಿಂದೆ ನಾಲ್ಕು ಬ್ಯಾಂಕುಗಳ ತನಕ ಇರಬಹುದು.

ಇದು ನಮಗೆಲ್ಲ ಕಣ್ಣಾರೆ ಕಂಡದ್ದು 2020ರ ಮಾರ್ಚ್‌ನಲ್ಲಿ. ಮಾರ್ಚ್ 5ರ ರಾತ್ರಿ ರಿಸರ್ವ್ ಬ್ಯಾಂಕು ಯೆಸ್ ಬ್ಯಾಂಕಿನ ಮೇಲೆ ನಿರ್ಬಂಧ ಹೇರಿತು. ಅದನ್ನೇ ನೆಚ್ಚಿದ್ದ ಫೋನ್‌ಪೇ ಆ ಕೂಡಲೇ ನಿಂತಿತು. ಯೆಸ್ ಬ್ಯಾಂಕಿನಲ್ಲಿ ಖಾತೆಯೇ ಇಲ್ಲದವರು, ಆ ಹೆಸರನ್ನೇ ಕೇಳದವರು ಕೂಡ ಪಾವತಿ ಮಾಡಲಾಗದೆ ಒದ್ದಾಡಿದರು. ಅವರ ಹಣ ತಂತಮ್ಮ ಬ್ಯಾಂಕಿನಲ್ಲಿ ಕ್ಷೇಮವಾಗಿತ್ತು. ಬೇರೆ ಆಪ್ ಹಾಕಿಕೊಂಡವರು ಅದೇ ಹಣವನ್ನು ಅದೇ ದಿನ ಕಳಿಸಿದರು. ನಾನು ಎರಡು ಬೇರೆ ಬೇರೆ ಬ್ಯಾಂಕುಗಳ ಬಾಲವಿರುವ ಎರಡು ಆಪ್ ಇಟ್ಟುಕೊಳ್ಳಲು ಶುರುಮಾಡಿದ್ದು ಆ ವಾರದಿಂದ.

ಪಿನ್ ವಿಚಾರವೂ ಹೀಗೆಯೇ. ಪಿನ್ ಒತ್ತುವ ಪುಟ ಆಪ್ ಕಂಪನಿಯದಲ್ಲ, ಎನ್‌ಪಿಸಿಐ ಕೊಟ್ಟದ್ದು. ಒತ್ತಿದ ಅಂಕಿಗಳು ಗೂಢಲಿಪಿಯಾಗಿ ನಿಮ್ಮ ಬ್ಯಾಂಕಿಗೆ ಹೋಗುತ್ತವೆ, ಸರಿಯೋ ತಪ್ಪೋ ಎಂದು ನೋಡುವುದು ಬ್ಯಾಂಕು. ಅಂದರೆ ಪಿನ್ ಎಂಬುದು ಖಾತೆದಾರ ತನ್ನ ಬ್ಯಾಂಕಿಗೆ ಹಾಕಿಕೊಡುವ ಸಹಿ. ಹಣ ಬರುವುದಕ್ಕೆ ಯಾರಾದರೂ ಚೆಕ್ಕಿಗೆ ಸಹಿ ಹಾಕುತ್ತಾರೆಯೇ? ‘ರೀಫಂಡ್ ಬಂದಿದೆ, ಪಿನ್ ಒತ್ತಿ’ ಎನ್ನುವವನು ಕಳ್ಳ ಎನ್ನಲು ಬೇರೆ ಪುರಾವೆ ಬೇಡ. ಜನರಿಂದ ಜನರಿಗೆ ‘ಹಣ ಕೊಡಿ’ ಎಂದು ಕೋರಿಕೆ ಕಳಿಸುವ ಸೌಲಭ್ಯದ ದುರ್ಬಳಕೆ ಮಿತಿಮೀರಿದ್ದರಿಂದ 2025ರ ಅಕ್ಟೋಬರ್ 1ರಿಂದ ಅದನ್ನು ತೆಗೆದೇ ಹಾಕಿದ್ದಾರೆ. ಒಳ್ಳೆಯದಾಯಿತು. ಮೋಸ ಹೋದವರು ನಾಚಿಕೆಪಡುತ್ತ ಕೂರದೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು, ಬ್ಯಾಂಕಿಗೂ ತಿಳಿಸಬೇಕು. ಕದ್ದ ಹಣ ಖಾತೆಯಿಂದ ಖಾತೆಗೆ ಜಿಗಿಯುತ್ತ ಹೋಗುತ್ತದೆ, ನಡುವೆ ಹಿಡಿಯಲು ಸಿಗುವ ಹೊತ್ತು ಕಡಿಮೆ.

ಹಣ ಇಲ್ಲಿ ಕಳೆದು ಅಲ್ಲಿ ಸೇರದೆ ನಡುವೆ ನಿಂತಾಗ ಏನು ಮಾಡಬೇಕು? ಒಮ್ಮೆ ಸಂಬಂಧಿಕರೊಬ್ಬರಿಗೆ ಆಸ್ಪತ್ರೆ ಖರ್ಚಿಗೆ ಕಳಿಸಿದ ಹಣ ಹೀಗೆ ನಿಂತಿತು. ನನ್ನ ಬ್ಯಾಂಕು ಕಳೆದಿತ್ತು, ಅವರ ಬ್ಯಾಂಕಿನಿಂದ ಉತ್ತರ ಬಂದಿರಲಿಲ್ಲ. ಆಪ್‌ನ ಸಹಾಯವಾಣಿ ‘ದಯವಿಟ್ಟು ಕಾಯಿರಿ’ ಎಂಬ ಮಂತ್ರವನ್ನೇ ಜಪಿಸುತ್ತಿತ್ತು. ನಾನು ವ್ಯವಹಾರದ 12 ಅಂಕಿಯ ಉಲ್ಲೇಖ ಸಂಖ್ಯೆಯನ್ನು ಒಂದು ಹಾಳೆಯಲ್ಲಿ ಬರೆದು ನನ್ನ ಬ್ಯಾಂಕಿನ ಶಾಖೆಗೆ ಹೋದೆ. ಕೌಂಟರಿನ ಹುಡುಗ ‘ಸಾರ್, ಆಪ್ ಕಸ್ಟಮರ್ ಕೇರಿಗೆ ಫೋನ್ ಮಾಡಿ’ ಎಂದ. 2019ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕು ಹೊರಡಿಸಿದ ಸುತ್ತೋಲೆಯ ಮಾತೆತ್ತಿದೆ. ವ್ಯಕ್ತಿಯಿಂದ ವ್ಯಕ್ತಿಗೆ ಕಳಿಸಿದ ಹಣ ಜಮೆಯಾಗದಿದ್ದರೆ ಮರುದಿನದೊಳಗೆ ತಾನಾಗಿ ಹಿಂದಿರುಗಬೇಕು. ಅಂಗಡಿಗೆ ಕೊಟ್ಟದ್ದಾದರೆ ಐದು ದಿನದೊಳಗೆ. ಗಡುವು ಮೀರಿದರೆ ದಿನಕ್ಕೆ 100 ರೂಪಾಯಿ ಪರಿಹಾರ, ಅದೂ ಗ್ರಾಹಕ ಕೇಳದೆಯೇ. ನನ್ನ ಹಣ ಗಡುವು ಮೀರಿ ಬಂತು. ಪರಿಹಾರ ತಾನಾಗಿ ಬರಲಿಲ್ಲ. ಒಂದು ಪತ್ರ ಬರೆದ ಮೇಲೆ ಬಂತು. ದೂರು ಕೊಟ್ಟು 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಬರೆಯಬಹುದು, ಅದಕ್ಕೆ ಶುಲ್ಕವಿಲ್ಲ. ತಪ್ಪು ಸಂಖ್ಯೆಗೆ ಕಳಿಸಿದ್ದಾದರೆ ಮಾತ್ರ ಈ ನಿಯಮ ಕೈಹಿಡಿಯುವುದಿಲ್ಲ. ವ್ಯವಹಾರ ಸರಿಯಾಗಿಯೇ ನಡೆದಿರುತ್ತದೆ, ಪಡೆದವರ ಒಪ್ಪಿಗೆಯಿಲ್ಲದೆ ಅವರ ಖಾತೆಯಿಂದ ಬ್ಯಾಂಕು ಹಾಗೆಲ್ಲ ತೆಗೆಯಲಾರದು. ಕಳಿಸುವ ಮುನ್ನ ತೆರೆಯ ಮೇಲೆ ಬರುವ ಹೆಸರನ್ನು ಓದಿಕೊಳ್ಳಿ ಎಂದು ನಾನು ಮನೆಯಲ್ಲಿ ಎಲ್ಲರ ಪ್ರಾಣ ತಿನ್ನುವುದು ಅದಕ್ಕೆ.

ಪಿಂಚಣಿ ಬರುವ ಖಾತೆಗೆ ನಾನು ಯುಪಿಐ ಪಿನ್ನೇ ಹಾಕಿಲ್ಲ. ತಿಂಗಳ ಮೊದಲಲ್ಲಿ ಮನೆಖರ್ಚಿಗೆ ಬೇಕಾದಷ್ಟನ್ನು ಇನ್ನೊಂದು ಖಾತೆಗೆ ಹಾಕುತ್ತೇನೆ, ಆಪ್‌ಗಳಿಗೆ ಕಾಣುವುದು ಅದೊಂದೇ. ಇದು ಕೋಟೆಯೇನಲ್ಲ, ಆದರೆ ಏನಾದರೂ ಹೋದರೆ ಒಂದು ತಿಂಗಳ ಖರ್ಚು ಹೋದೀತು, ಇಡುಗಂಟಲ್ಲ. ಹಾಲು, ಸೊಪ್ಪು, ಬಸ್ಸಿನ ಟಿಕೆಟ್ಟಿಗೆಲ್ಲ ಯುಪಿಐ ಲೈಟ್. ಅದರಲ್ಲಿ 5,000 ರೂಪಾಯಿ ತನಕ ಇಡಬಹುದು, ಒಂದು ಸಲಕ್ಕೆ 1,000ದವರೆಗೆ ಪಿನ್ ಇಲ್ಲದೆ ಕೊಡಬಹುದು. ಪ್ರತಿ ಸಲವೂ ಬ್ಯಾಂಕಿನ ಮುಖ್ಯ ಕಂಪ್ಯೂಟರನ್ನು ತಟ್ಟುವುದಿಲ್ಲವಾದ್ದರಿಂದ ಬ್ಯಾಂಕಿನ ಸರ್ವರ್ ಏದುಸಿರು ಬಿಡುವ ದಿನವೂ ಅದು ನಡೆಯುತ್ತದೆ. ಬಡ್ಡಿ ಬರುವುದಿಲ್ಲ, ಬರದಿದ್ದರೆ ಬೇಡ. ಹಳೆಯ ಬ್ಯಾಂಕಿನವನಿಗೆ ಅದರ ದೊಡ್ಡ ಸುಖ ಬೇರೆ: ಪಾಸ್‌ಬುಕ್ಕಿನಲ್ಲಿ ಹತ್ತು ರೂಪಾಯಿ ಕೊತ್ತಂಬರಿ ಸೊಪ್ಪಿನ ಸಾಲುಗಳು ಬೀಳುವುದಿಲ್ಲ. ರುಪೇ ಕ್ರೆಡಿಟ್ ಕಾರ್ಡನ್ನೂ ಯುಪಿಐಗೆ ಜೋಡಿಸಬಹುದು. ನಾನು ಜೋಡಿಸಿಲ್ಲ, ಸಾಲಕ್ಕೆ ಇಷ್ಟು ಹತ್ತಿರ ಕೂರುವುದು ನನ್ನ ಜಾಯಮಾನಕ್ಕೆ ಒಗ್ಗದು.

ಸಾಲುಗಳ ಮಾತು ಬಂತಲ್ಲ, ನಮ್ಮ ರಸ್ತೆಯ ಬೇಕರಿಯವರು ಅವುಗಳಿಂದಲೇ ನಿದ್ದೆಗೆಟ್ಟರು. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಗಳ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕೊಟ್ಟಿತು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್‌ಗಳಲ್ಲಿ ರಾತ್ರೋರಾತ್ರಿ ಕ್ಯೂಆರ್ ಹಾಳೆ ಹರಿದು ‘ಯುಪಿಐ ಇಲ್ಲ, ಕ್ಯಾಶ್ ಮಾತ್ರ’ ಎಂಬ ಬೋರ್ಡು ಬಂತು. ನೋಂದಣಿ ಮಾಡಿಸಿಕೊಂಡರೆ ಹಳೆಯ ಬಾಕಿ ಕೇಳುವುದಿಲ್ಲ ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಹೇಳಿದ ಮೇಲೆ ಬಿಸಿ ಆರಿತು. ಹಾಳೆ ಹರಿದರೆ ಹಳೆಯ ದಾಖಲೆ ಅಳಿಯುವುದಿಲ್ಲ ಎಂದು ನಾನು ಅವರಿಗೆ ಆಗಲೇ ಹೇಳಿದ್ದೆ. ಅವು ಬ್ಯಾಂಕಿನ ಪುಸ್ತಕದಲ್ಲಿವೆ. ಅವರ ನಿಜವಾದ ತೊಂದರೆ ಬೇರೆಯಿತ್ತು. ಬನ್ನು ಬ್ರೆಡ್ಡಿನ ಹಣ, ಭಾವಮೈದುನ ಕೊಟ್ಟ ಕೈಸಾಲ, ಚೀಟಿ ಹಣ ಎಲ್ಲವೂ ಒಂದೇ ಖಾತೆಗೆ ಬಂದಿದ್ದವು. ಒಂದು ಭಾನುವಾರ ಕೂತು ಇಬ್ಬರೂ ಅವನ್ನು ಬೇರ್ಪಡಿಸಿದೆವು. ಈಗ ಅಂಗಡಿಗೆ ಪ್ರತ್ಯೇಕ ಖಾತೆಯಿದೆ, ಕ್ಯೂಆರ್ ಗೋಡೆಗೆ ಮರಳಿದೆ, ಹಣ ಬಂತೆಂದು ಕೂಗುವ ಪೆಟ್ಟಿಗೆಯೂ ಇದೆ. ಆ ಪೆಟ್ಟಿಗೆ ಕೂಗಿದ ಹಣವೂ ಕೂಡಲೇ ಅವರ ಖಾತೆಗೆ ಬರುವುದಿಲ್ಲ. ಅವರು ಒಪ್ಪಿಕೊಂಡ ವ್ಯವಸ್ಥೆಯಲ್ಲಿ ದಿನದ ಮೊತ್ತ ಒಟ್ಟಾಗಿ ಮರುದಿನ ಬರುತ್ತದೆ. ಬೆಳಗಿನ ಮೈದಾ ಲೋಡಿಗೆ ನಗದು ಬೇಕಾದವರು ಇದನ್ನು ಮೊದಲೇ ಕೇಳಿ ತಿಳಿದಿರಬೇಕು.

ಇನ್ನು ಈ ಎಲ್ಲದರ ಖರ್ಚು ಯಾರದ್ದು? 2020ರ ಜನವರಿ 1ರಿಂದ ಖಾತೆಯಿಂದ ಮಾಡುವ ಯುಪಿಐ ಪಾವತಿಗೆ ಅಂಗಡಿಯವರಿಂದ ಶುಲ್ಕ ಪಡೆಯುವಂತಿಲ್ಲ. ಹಾಗೆಂದು ಸರ್ವರುಗಳು ಪುಕ್ಕಟೆ ಓಡುವುದಿಲ್ಲ. 2024-25ರಲ್ಲಿ ಸಣ್ಣ ವ್ಯಾಪಾರಿಗಳ 2,000 ರೂಪಾಯಿವರೆಗಿನ ವ್ಯವಹಾರಕ್ಕೆ ಶೇ 0.15ರಂತೆ ಕೇಂದ್ರ ಸರ್ಕಾರ ಪ್ರೋತ್ಸಾಹಧನ ಕೊಡುತ್ತಿತ್ತು; ಅದಕ್ಕೆಂದು ಸುಮಾರು 1,500 ಕೋಟಿ ಇಟ್ಟಿತ್ತು. ಉಳಿದದ್ದನ್ನು ಬ್ಯಾಂಕುಗಳು ಹೊರುತ್ತಿವೆ, ಅಂದರೆ ಒಂದಿಷ್ಟು ನಮ್ಮ ತೆರಿಗೆ, ಒಂದಿಷ್ಟು ನಮ್ಮ ಉಳಿತಾಯ ಖಾತೆಯ ಸಣಕಲು ಬಡ್ಡಿ. ಕ್ರೆಡಿಟ್ ಕಾರ್ಡಿಗೆ ಶೇ 2ರ ಆಸುಪಾಸು ಕೊಡುವ ದೊಡ್ಡ ಮಾಲುಗಳು ಯುಪಿಐಗೆ ಒಂದಿಷ್ಟು ಚಿಲ್ಲರೆ ಕೊಟ್ಟರೆ ಅವರಿಗೇನೂ ನಷ್ಟವಿಲ್ಲ ಎಂಬುದು ನನ್ನ ಅಭಿಪ್ರಾಯ. ಮನೆಮಂದಿ ನಡುವಿನ ಪಾವತಿ, ಸೊಪ್ಪಿನ ಗಾಡಿ, ಬೇಕರಿ ಇವು ಈಗಿನಂತೆ ಉಚಿತವಾಗಿಯೇ ಇರಲಿ. ಬೇಕರಿಯವರಿಗೆ ಇದನ್ನು ಹೇಳಿದೆ. ಅವರಿಗೆ ಸ್ವಲ್ಪವೂ ಹಿಡಿಸಲಿಲ್ಲ. ‘ದೊಡ್ಡೋರ ಹೆಸರಲ್ಲಿ ಶುರು ಮಾಡ್ತಾರೆ ಸಾರ್. ಎರಡು ವರ್ಷ ಬಿಟ್ಟು ಬಂದು ನೋಡಿ, ಅದೇ ರೇಟು ನನ್ನ ಬನ್ನಿಗೂ ಬಂದಿರುತ್ತೆ’ ಎಂದರು.