ನಾಲ್ವರಿಗೆ ಒಂದೇ ಪಾಸ್‌ವರ್ಡ್

ಪ್ರಶ್ನೆ: ಎಂಜಿನಿಯರಿಂಗ್ ಕಾಲೇಜೊಂದರ ನೆಟ್‌ವರ್ಕ್ ನೋಡಿಕೊಳ್ಳುತ್ತೇನೆ. ನಮ್ಮ ಸಿಸ್ಕೊ ಸ್ವಿಚ್‌ಗಳ ಎನೇಬಲ್ ಪಾಸ್‌ವರ್ಡ್ ನಾಲ್ವರಿಗೆ ಗೊತ್ತು. ಆನ್‌ಲೈನ್ ಪರೀಕ್ಷೆಯ ದಿನ ಯಾರೋ ವಿಲ್ಯಾನ್ ಬದಲಿಸಿ ಇಡೀ ಲ್ಯಾಬ್ ನಿಂತುಹೋಯಿತು. ಬೈಸಿಕೊಂಡವನು ನಾನು. ಪಾಸ್‌ವರ್ಡ್ ಬದಲಿಸುತ್ತೇನೆಂದರೆ ಹಿರಿಯ ಇನ್‌ಸ್ಟ್ರಕ್ಟರ್, ‘ನನ್ನ ಮೇಲೆ ನಂಬಿಕೆ ಇಲ್ವಾ?’ ಎಂದು ನೊಂದುಕೊಳ್ಳುತ್ತಾರೆ. ಏನು ಮಾಡಲಿ?

ಉತ್ತರ: ಆ ದಿನ ಬದಲಿಸಿದವರು ಯಾರೆಂದು ಹುಡುಕುತ್ತ ಕೂರಬೇಡಿ. ನಾಲ್ವರೂ ಒಂದೇ ಪಾಸ್‌ವರ್ಡ್ ಒತ್ತಿ ಒಳಹೋದರೆ ಸ್ವಿಚ್ಚಿಗೆ ಯಾರ ಹೆಸರೂ ತಿಳಿಯದು. ನಿಮ್ಮ ಹಿರಿಯರಿಗೂ ಇದನ್ನೇ ಹೇಳಿ: ‘ಸರ್, ಇನ್ಯಾರೋ ಮಾಡಿದ್ದಕ್ಕೆ ನಾಳೆ ನಿಮ್ಮ ಮೇಲೆ ಅನುಮಾನ ಬರಬಾರದು. ಅದಕ್ಕೇ ನಿಮಗೆ ನಿಮ್ಮದೇ ಲಾಗಿನ್.’ ಸಮಾಧಾನಕ್ಕೆ ಹೆಣೆದ ಮಾತಲ್ಲ, ಇದು ನಿಜ. ಹಳೆಯದನ್ನು ತೆಗೆಯುವ ಮೊದಲೇ ಹೊಸದನ್ನು ಅವರ ಕೈಗೆ ಕೊಡಿ.

ಪ್ರತಿಯೊಬ್ಬರಿಗೂ ಯೂಸರ್‌ನೇಮ್ ಮಾಡುವಾಗ ‘ಪಾಸ್‌ವರ್ಡ್’ ಬೇಡ, ‘ಸೀಕ್ರೆಟ್’ ಬಳಸಿ. ಸೀಕ್ರೆಟ್ ಹ್ಯಾಶ್ ಆಗಿ ಉಳಿಯುತ್ತದೆ. ಟೈಪ್ 7 ಪಾಸ್‌ವರ್ಡನ್ನು ಯಾರು ಬೇಕಾದರೂ ಕ್ಷಣದಲ್ಲಿ ಬಿಡಿಸಬಹುದು. ವಿಟಿವೈ ಲೈನ್‌ಗಳಿಗೆ ‘ಲಾಗಿನ್ ಲೋಕಲ್’ ಕೊಟ್ಟು, ಟೆಲ್ನೆಟ್ ನಿಲ್ಲಿಸಿ ಎಸ್‌ಎಸ್‌ಎಚ್ ಮಾತ್ರ ಬಿಡಿ. ಕನ್ಸೋಲನ್ನೂ ಮರೆಯಬೇಡಿ.

ಇನ್ನು ಪ್ರಿವಿಲೇಜ್ ಲೆವೆಲ್. 0ಯಿಂದ 15ರವರೆಗೆ ಇದ್ದರೂ ಮೊದಲಿಗೆ ಕೆಲಸಕ್ಕೆ ಬರುವುದು ಎರಡೇ: ನೋಡಲು 1, ಎಲ್ಲವನ್ನೂ ಮಾಡಲು 15. ನಡುವಿನವಕ್ಕೆ ಕಮಾಂಡ್‌ಗಳನ್ನು ನೀವೇ ತುಂಬಬೇಕು. ಪೋರ್ಟ್ ಸ್ಥಿತಿ ನೋಡುವವರಿಗೆ 1 ಸಾಕು. ಪೋರ್ಟ್ ಮುಚ್ಚಿ ತೆರೆಯಬೇಕಾದವರಿಗೆ 5ನ್ನು ಕಟ್ಟಿಕೊಡಬಹುದು, ಆದರೆ ಎಚ್ಚರ: ಲೆವೆಲ್ ಕಮಾಂಡನ್ನು ತಡೆಯುತ್ತದೆಯೇ ಹೊರತು ಪೋರ್ಟನ್ನಲ್ಲ. ‘ಶಟ್‌ಡೌನ್’ ಸಿಕ್ಕವರು ಅಪ್‌ಲಿಂಕನ್ನೂ ಮುಚ್ಚಬಲ್ಲರು. ಇನ್ನೊಂದು ತೊಡಕು, ‘ಶೋ ಐಪಿ ಟ್ರಾಫಿಕ್’ ಒಂದನ್ನೇ ಮೇಲಿನ ಲೆವೆಲ್ಲಿಗೆ ಏರಿಸಿದರೆ ‘ಶೋ’ ಮತ್ತು ‘ಶೋ ಐಪಿ’ ಕೂಡ ಅದರ ಜೊತೆ ಏರುತ್ತವೆ. ಅವನ್ನು ಬೇರೆಯಾಗಿ ಕೆಳಗಿಳಿಸಬೇಕು.

ಹಿರಿಯರು ನಿಜಕ್ಕೂ ವಿಲ್ಯಾನ್ ಕೆಲಸ ಮಾಡುವವರಾದರೆ ಹಿಂಜರಿಯದೆ 15 ಕೊಡಿ, ಅವರ ಹೆಸರಿನಲ್ಲಿ. ನಿಮ್ಮ ತೊಂದರೆಗೆ ಲೆವೆಲ್‌ಗಿಂತ ಹೆಸರೇ ಮುಖ್ಯ ಎಂದು ನನಗೆ ಅನ್ನಿಸುತ್ತದೆ. ‘ಆರ್ಕೈವ್’ ಒಳಗಿನ ‘ಲಾಗ್ ಕಾನ್ಫಿಗ್’ನಲ್ಲಿ ಲಾಗಿಂಗ್ ಎನೇಬಲ್ ಮಾಡಿದರೆ ಯಾರು ಯಾವ ಕಮಾಂಡ್ ಹಾಕಿ ಬದಲಿಸಿದರೆಂದು ಸ್ವಿಚ್ಚೇ ಬರೆದಿಡುತ್ತದೆ. ಸ್ವಿಚ್‌ಗಳು ಹೆಚ್ಚಿದಾಗ ಟ್ಯಾಕಾಕ್ಸ್ ಪ್ಲಸ್ ಸರ್ವರ್ ಹಾಕಿ. ಸರ್ವರ್ ಬಿದ್ದಾಗ ಒಳಹೋಗಲು ಪಟ್ಟಿಯ ಕೊನೆಗೆ ‘ಲೋಕಲ್’ ಇರಲಿ.

ಎಲ್ಲರ ಲಾಗಿನ್ ಸಿದ್ಧವಾದ ಮೇಲೆ ಎನೇಬಲ್ ಸೀಕ್ರೆಟ್ ಬದಲಿಸಲೇಬೇಕು. ಇಲ್ಲವಾದರೆ 1ರಲ್ಲಿ ಬಂದವರೂ ಹಳೆಯದನ್ನೇ ಒತ್ತಿ 15ಕ್ಕೆ ಏರುತ್ತಾರೆ.

ಪರೀಕ್ಷೆ ಇಲ್ಲದ ದಿನ, ತರಗತಿ ಮುಗಿದ ಮೇಲೆ ಕೂತುಕೊಳ್ಳಿ. ಮೊದಲು ‘ರೀಲೋಡ್ ಇನ್ 30’ ಕೊಡಿ. ಒಂದು ಸೆಷನ್ ತೆರೆದೇ ಇಟ್ಟು, ಇನ್ನೊಂದು ವಿಂಡೋದಿಂದ ಪ್ರತಿ ಲಾಗಿನ್ನನ್ನೂ ಪರೀಕ್ಷಿಸಿ. ಎಲ್ಲವೂ ಸರಿಯಿದ್ದರೆ ರೀಲೋಡ್ ರದ್ದು ಮಾಡಿ ಸೇವ್ ಮಾಡಿ. ನೀವೇ ಹೊರಗುಳಿದರೆ, ಸೇವ್ ಆಗದ ಬದಲಾವಣೆ ಅಳಿಸಿ ಸ್ವಿಚ್ ಹಳೆಯ ಕಾನ್ಫಿಗರೇಶನ್‌ನಲ್ಲೇ ಏಳುತ್ತದೆ. ಹಿರಿಯರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ, ತಮ್ಮ ಸೀಕ್ರೆಟ್ಟನ್ನು ಅವರೇ ಒತ್ತಲಿ.