ಒಂದೇ ಮನೆತನ, ಎರಡು ಗಂಡುಸಾಲು

ಪ್ರಶ್ನೆ: ನಮ್ಮದು ಮಾಲೂರು ತಾಲ್ಲೂಕಿನ ಹಳ್ಳಿ. ಅಮೆರಿಕದಲ್ಲಿರುವ ಮಗ ಎಂಜಲು ಕೊಟ್ಟು ಡಿಎನ್‌ಎ ಪರೀಕ್ಷೆ ಮಾಡಿಸಿದ. ತಂದೆ ಕಡೆಯ ವಂಶ ‘ಎಚ್’ ಎಂದು ಬಂತು. ಐದು ತಲೆಮಾರಿನ ಹಿಂದೆ ಪಾಲಾದ ದಾಯಾದಿ ಮನೆಯ ಹುಡುಗನದು ‘ಆರ್1ಎ’. ‘ನೀವು ನಮ್ಮ ರಕ್ತದವರೇ ಅಲ್ಲ’ ಎಂದು ಅವರು ಈ ಸಲ ಮನೆದೇವರ ಪೂಜೆಗೂ ಕರೆಯಲಿಲ್ಲ. ಕಂಚಿಯಿಂದ ಬಂದವರು ಎಂದು ಅಜ್ಜ ಹೇಳುತ್ತಿದ್ದುದೂ ಸುಳ್ಳೇ?

ಉತ್ತರ: ಯಜಮಾನರೇ, ಸುತ್ತಿಬಳಸದೆ ಹೇಳುತ್ತೇನೆ. ತಂದೆ ಕಡೆಯ ವಂಶ ಹೇಳುವ ಈ ಪರೀಕ್ಷೆ ನೋಡುವುದು ವೈ ಕ್ರೋಮೋಸೋಮನ್ನು; ಅದು ಅಪ್ಪನಿಂದ ಮಗನಿಗೆ ಮಾತ್ರ, ಹೆಚ್ಚುಕಡಿಮೆ ಹಾಗೇ ಇಳಿದು ಬರುತ್ತದೆ. ಅದರ ಎಚ್ ಮತ್ತು ಆರ್ (ಆರ್1ಎ ಇದರದೇ ಕೊಂಬೆ) ಕವಲುಗಳು ಬೇರೆಯಾಗಿ ನಲವತ್ತು ಸಾವಿರ ವರ್ಷದ ಮೇಲಾಯಿತು. ಎರಡೂ ವರದಿ ಸರಿಯಿದ್ದರೆ, ನಿಮ್ಮ ಎರಡು ಮನೆಗಳ ನಡುವೆ ಎಲ್ಲೋ ಗಂಡುಸಾಲು ತಪ್ಪಿದೆ.

ತಪ್ಪಿದೆ ಅಂದಕೂಡಲೇ ಮನಸ್ಸು ಕೆಟ್ಟದ್ದರ ಕಡೆಗೇ ಓಡಬೇಕಿಲ್ಲ. ಗಂಡುಮಕ್ಕಳಿಲ್ಲದ ಮನೆಗೆ ಇಲ್ಲಟದ ಅಳಿಯನನ್ನು ತಂದುಕೊಳ್ಳುವುದು ನಮ್ಮ ಸೀಮೆಗೆ ಹೊಸದೇ? ಆತ ಮಾವನ ಹೊಲ ಉಳುತ್ತಾನೆ, ಮಕ್ಕಳು ಮಾವನ ಮನೆ ಹೆಸರಲ್ಲೇ ಬೆಳೆಯುತ್ತಾರೆ, ಎರಡು ತಲೆಮಾರು ಕಳೆದರೆ ಹೊರಗಿನಿಂದ ಬಂದವನೆಂಬುದೇ ಮರೆತುಹೋಗುತ್ತದೆ. ಆ ಮಕ್ಕಳಲ್ಲಿ ಮನೆಮಗಳ ರಕ್ತ ಇದ್ದೇ ಇದೆ, ವೈ ಮಾತ್ರ ಅಳಿಯನದು. ಈ ಪರೀಕ್ಷೆಗೆ ಹೆಣ್ಣಿನ ಕೊಂಡಿ ಕಾಣುವುದೇ ಇಲ್ಲ. ದತ್ತುಮಗ ಇದ್ದಿರಬಹುದು, ಕೂಡಿಕೆಯಾಗಿ ಬಂದ ತಾಯಿಯ ಜೊತೆ ಬಂದ ಮಗುವೂ ಇರಬಹುದು. ಹಳೇ ಪಾಲುಪಟ್ಟಿ ತೆಗೆಸಿ ನೋಡಿ. ವಂಶಾವಳಿ ಹೇಳುವ ಹೆಳವರು ಬರುತ್ತಿದ್ದರೆ ಅವರನ್ನೂ ಕೇಳಿ. ಅದಕ್ಕಿಂತ ಮೊದಲು ಮನೆಯ ಹಿರಿಯ ಹೆಂಗಸರನ್ನು ಕೇಳಿ. ಇಂಥದ್ದೆಲ್ಲ ಗಂಡಸರಿಗಿಂತ ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ.

ಇನ್ನು ಕಂಚಿಯ ಮಾತು. ಆವತಿಯ ರಣಭೈರೇಗೌಡರು ಬಂಧುಗಳೊಡನೆ ಕಂಚಿ ಕಡೆಯಿಂದ ಗಾಡಿ ಕಟ್ಟಿಕೊಂಡು ಬಂದರೆಂಬ ಐತಿಹ್ಯವನ್ನು ನಮ್ಮ ಕಡೆಯವರೆಲ್ಲ ಕೇಳಿದ್ದೇವೆ. ಅದು ಕೆಲವು ನೂರು ವರ್ಷದ ಹಿಂದಿನ ಕಥೆ. ಎಚ್ ಎಂಬುದು ಹತ್ತಾರು ಸಾವಿರ ವರ್ಷದ ಲೆಕ್ಕ, ದಕ್ಷಿಣ ಭಾರತದಲ್ಲೆಲ್ಲ ಹರಡಿರುವ ಕವಲು. ಅಜ್ಜನ ಮಾತು ನಿಜವೆನ್ನಲೂ ಸುಳ್ಳೆನ್ನಲೂ ಅದಕ್ಕೆ ಬಾಯಿಲ್ಲ.

ಆರ್1ಎ ಸಿಕ್ಕಿತೆಂದು ದಾಯಾದಿಗಳು ಬೀಗುವುದಕ್ಕೂ ಏನಿಲ್ಲ. ನಮ್ಮ ದೇಶದಲ್ಲಿ ಅದರ ಬಹುಪಾಲು ಸುಮಾರು ಮೂರೂವರೆ–ನಾಲ್ಕು ಸಾವಿರ ವರ್ಷದ ಹಿಂದೆ ಮಧ್ಯ ಏಷ್ಯಾದ ಹುಲ್ಲುಗಾವಲಿನ ಪಶುಪಾಲಕರ ಜೊತೆ ಬಂತು ಎನ್ನುತ್ತಾರೆ ಸಂಶೋಧಕರು. ಇವತ್ತು ಆಂಧ್ರದ ಚೆಂಚು ಬುಡಕಟ್ಟಿನವರಲ್ಲೂ ಇದೆ. ಹತ್ತು ತಲೆಮಾರು ಹಿಂದಕ್ಕೆ ಎಣಿಸಿದರೆ ಪೂರ್ವಿಕರ ಸ್ಥಾನ 1024. ವೈ ಹೇಳುವುದು ಅದರಲ್ಲಿ ಒಬ್ಬನ ಸುದ್ದಿ ಮಾತ್ರ.

ಇನ್ನೊಂದು ಮಾತು, ಅವರಿಗೂ ಹೇಳಿ. ಎರಡು ವರದಿ ಬೇರೆಬೇರೆ ಬಂದರೆ ಸಾಲು ತಪ್ಪಿದ್ದು ಯಾರ ಮನೆಯಲ್ಲಿ ಎಂದು ತಿಳಿಯುವುದಿಲ್ಲ. ಅದು ಅವರದೇ ಕಡೆಯೂ ಆಗಿರಬಹುದು! ತಿಳಿಯಬೇಕಾದರೆ ಅದೇ ಮನೆತನದ ಮೂರನೇ ಮನೆಯ ಗಂಡಸೊಬ್ಬ ಪರೀಕ್ಷೆಗೆ ಒಪ್ಪಬೇಕು. ಆ ಉತ್ತರ ಬೇಕೋ ಬೇಡವೋ ಎಂಬುದನ್ನು ಎರಡೂ ಮನೆಯ ಹಿರಿಯರು ಎದುರುಬದುರು ಕೂತು ತೀರ್ಮಾನಿಸಲಿ. ಅಲ್ಲಿಯವರೆಗೆ ಪೂಜೆ ನಿಲ್ಲಿಸುವಂಥದ್ದೇನೂ ಆ ವರದಿಯಲ್ಲಿ ಬರೆದಿಲ್ಲ.